ಹತ್ತು ಕಣ್ಣಿನ ಬೂಟು, ಸ್ಕರ್ಟಿನ ಅಂಚು: ಡಾಕ್ಟರ್ ಮಾರ್ಟೆನ್ಸ್ 1490 ಒರೆಗೆ ಹಚ್ಚಿದಾಗ

ಜೀನ್ಸ್ ಜೊತೆ ಯಾವ ಬೂಟಾದರೂ ಪಾಸಾಗಿಬಿಡುತ್ತದೆ. ಪ್ಯಾಂಟು ಕೆಳಗಿಳಿದು ಬೂಟಿನ ಬಾಯನ್ನು ಮುಚ್ಚುವುದರಿಂದ ಅದು ಕಾಲಿನ ಯಾವ ಜಾಗದಲ್ಲಿ ಮುಗಿಯಿತು ಎಂದು ನೋಡುವವರೇ ಇಲ್ಲ. ಸ್ಕರ್ಟು, ಫ್ರಾಕು ಹಾಕಿದಾಗ ಈ ಮುಚ್ಚುಮರೆ ಇರುವುದಿಲ್ಲ. ಬಟ್ಟೆ ಒಂದು ಕಡೆ ಮುಗಿಯುತ್ತದೆ, ಬೂಟು ಇನ್ನೊಂದು ಕಡೆ ಶುರುವಾಗುತ್ತದೆ, ನಡುವೆ ಒಂದಿಷ್ಟು ಕಾಲು ಕಾಣುತ್ತದೆ. ಆ ‘ಒಂದಿಷ್ಟು’ ಎಷ್ಟು ಎಂಬುದರಲ್ಲೇ ಇಡೀ ಲೆಕ್ಕ ಅಡಗಿದೆ. ಅದು ತಪ್ಪಿದರೆ ಬೂಟು ಎಷ್ಟೇ ದುಬಾರಿಯದಾಗಿದ್ದರೂ ಮಳೆಗಾಲದಲ್ಲಿ ತೋಟಕ್ಕೆ ಹೊರಟವರಂತೆ ಕಾಣುತ್ತದೆ.

ಇಲ್ಲಿ ಒರೆಗೆ ಹಚ್ಚಿರುವುದು ಡಾಕ್ಟರ್ ಮಾರ್ಟೆನ್ಸ್ ಕಂಪನಿಯ 1490. ಒಂದೊಂದು ಬದಿಗೆ ಹತ್ತು ಲೇಸಿನ ಕಣ್ಣು, ಸ್ಮೂತ್ ಎಂದು ಕರೆಯುವ ಗಟ್ಟಿ ಚರ್ಮ, ಗಾಳಿ ತುಂಬಿದ ಅಟ್ಟೆ. ಪೂರ್ತಿ ಗಿಡ್ಡವೂ ಅಲ್ಲದ, ಮಂಡಿಯವರೆಗೂ ಬಾರದ ಬೂಟು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮಂಡಿಗಿಂತ ಮೇಲೆ ನಿಲ್ಲುವ, ಕೆಳಗೆ ಬರುತ್ತ ಅಗಲವಾಗುವ ಎ-ಲೈನ್ ಸ್ಕರ್ಟು, ನೆರಿಗೆಯ ಫ್ರಾಕು, ಬೂಟಿನ ಬಾಯಿಗಿಂತ ಕೆಳಗಿಳಿಯುವ ಮಿಡಿ, ಈ ಮೂರಕ್ಕೆ ಇದರಷ್ಟು ಒಪ್ಪುವ ಬೂಟು ಕಡಿಮೆ. ಪೆನ್ಸಿಲ್ ಸ್ಕರ್ಟಿಗೆ ಬೇಡ. ನೆಲ ಮುಟ್ಟುವ ಮ್ಯಾಕ್ಸಿಗಷ್ಟೇ ಬೇಕೆಂದರೆ ಎಂಟು ಕಣ್ಣಿನ 1460 ಸಾಕು, ಹೆಚ್ಚಿನ ದುಡ್ಡು ಬಟ್ಟೆಯೊಳಗೆ ಅಡಗಿ ಕೂರುವುದು ಯಾಕೆ.

ಈ ಅಂಕಿಗಳ ಕಥೆಯನ್ನು ಚುಟುಕಾಗಿ ಹೇಳಬೇಕು. ಜರ್ಮನಿಯ ವೈದ್ಯ ಕ್ಲಾಸ್ ಮಾರ್ಟೆನ್ಸ್ 1945ರಲ್ಲಿ ಹಿಮದಲ್ಲಿ ಜಾರಾಟ ಆಡುವಾಗ ಪಾದ ನೋಯಿಸಿಕೊಂಡು, ಮೆತ್ತನೆಯ ಗಾಳಿ ಅಟ್ಟೆಯ ಬೂಟನ್ನು ತನಗಾಗಿ ರೂಪಿಸಿಕೊಂಡ. ಅದರ ಹಕ್ಕನ್ನು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ವೊಲಾಸ್ಟನ್ ಊರಿನ ಗ್ರಿಗ್ಸ್ ಮನೆತನ ಪಡೆದು, 1960ರ ಏಪ್ರಿಲ್ 1ರಂದು ಮೊದಲ ಬೂಟನ್ನು ಹೊರತಂದಿತು. 1-4-60, ಅದೇ 1460. ನಾವೂ ದಿನ, ತಿಂಗಳು, ವರ್ಷ ಎಂದೇ ಬರೆಯುವವರಾದ್ದರಿಂದ ಗುಟ್ಟು ಸುಲಭವಾಗಿ ಬಿಡುತ್ತದೆ. ಅಂಚೆಯವರು, ಕಾರ್ಖಾನೆ ಕೆಲಸಗಾರರು ಹಾಕುತ್ತಿದ್ದ ಬೂಟು ಅದು; ಆಮೇಲೆ ಪಂಕ್ ಹುಡುಗರ ಕಾಲಿಗೇರಿತು. 1990ರ ದಶಕದ ಆರಂಭದಲ್ಲಿ ಗ್ರಂಜ್ ಸಂಗೀತದ ಹುಡುಗಿಯರು ತೆಳು ಹೂವಿನ ಫ್ರಾಕಿನ ಕೆಳಗೆ ಇದನ್ನು ಹಾಕತೊಡಗಿದ ಮೇಲೆ ಫ್ರಾಕು ಮತ್ತು ದಪ್ಪ ಬೂಟಿನ ಜೋಡಿ ಗಟ್ಟಿಯಾಯಿತು. ಇಂದಿಗೂ ಆ ಜೋಡಿ ಹಳತಾಗದಿರಲು ಕಾರಣ ಸರಳ: ಮೇಲೆ ಹಾರುವ ಬಟ್ಟೆ, ಕೆಳಗೆ ಊರುವ ತೂಕ. ಎರಡೂ ಹಗುರವಾದರೆ ಚಪ್ಪೆ, ಎರಡೂ ಭಾರವಾದರೆ ಕಂಬಳಿ ಹೊದ್ದ ಹಾಗೆ.

ಇಂಚುಟೇಪು ತನ್ನಿ

ಒಂದೇ ಕಂಪನಿಯ ಮೂರು ಎತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯುತ್ತದೆ. ಎಂಟು ಕಣ್ಣಿನ 1460 ಕಾಲಿನ ಗಿಣ್ಣಿನ ಮೇಲೆ, ಕಾಲು ಅತಿ ತೆಳುವಾಗಿರುವ ಜಾಗದ ಹತ್ತಿರ ನಿಲ್ಲುತ್ತದೆ. ಹದಿನಾಲ್ಕು ಕಣ್ಣಿನ 1914 ಮೀನಖಂಡದ ಅತಿ ದಪ್ಪ ಜಾಗಕ್ಕೇ ಹೋಗಿ ಮುಟ್ಟುತ್ತದೆ. 1490 ಇವೆರಡರ ನಡುವೆ, ಮೀನಖಂಡ ಉಬ್ಬಲು ಶುರುವಾಗುವ ಇಳಿಜಾರಿನಲ್ಲಿ. ಕಂಪನಿ ಇದನ್ನು ‘ಮಿಡ್ ಕಾಫ್’ ಎಂದು ಕರೆದರೂ ಎತ್ತರದ ಹೆಂಗಸರಿಗೆ ಅದು ಮೀನಖಂಡದ ನಡುವಿಗೆ ಬರುವುದಿಲ್ಲ. ಐದಡಿಗಿಂತ ಗಿಡ್ಡ ಇರುವವರಿಗೆ ಮಾತ್ರ ಆ ಇಳಿಜಾರನ್ನು ಹತ್ತಿ ದಪ್ಪ ಜಾಗದ ಸಮೀಪಕ್ಕೆ ಬರಬಹುದು. ಬೂಟಿನ ಸೈಜು ಒಂದು ಕಡಿಮೆಯಾದರೆ ಅದರ ಎತ್ತರ ತುಸುವೇ ಇಳಿಯುತ್ತದೆ, ನಮ್ಮ ಕಾಲಿನ ಉದ್ದದ ವ್ಯತ್ಯಾಸ ಅದಕ್ಕಿಂತ ಬಹಳ ಹೆಚ್ಚು. ಗಿಡ್ಡ ಇರುವವರು ಫೋಟೋ ನೋಡಿ ಬೂಟು ತರಿಸಿಕೊಂಡು ಮೋಸಹೋಗುವುದು ಇಲ್ಲಿಯೇ.

ಹಾಗಾಗಿ ಬೂಟು ಹಾಕಿಕೊಂಡು ನಿಂತು, ನೆಲದಿಂದ ಮೂರು ಅಳತೆ ತೆಗೆದುಕೊಳ್ಳಿ: ಬೂಟಿನ ಬಾಯಿ ಎಷ್ಟು ಎತ್ತರದಲ್ಲಿದೆ, ಮೀನಖಂಡದ ಅತಿ ದಪ್ಪ ಜಾಗ ಎಷ್ಟು, ಮಂಡಿಯ ನಡು ಎಷ್ಟು. ಅಳೆಯುವಾಗ ಬಗ್ಗಿದರೆ ಮಂಡಿ ಮಡಚಿ ಲೆಕ್ಕ ತಪ್ಪುತ್ತದೆ, ಇನ್ನೊಬ್ಬರ ಕೈಯಲ್ಲಿ ಟೇಪು ಕೊಡಿ. ಉದಾಹರಣೆಗೆ ಬಾಯಿ 23 ಸೆಂಟಿಮೀಟರ್, ದಪ್ಪ ಜಾಗ 32, ಮಂಡಿ 45 ಎಂದಿಟ್ಟುಕೊಳ್ಳಿ. ಸ್ಕರ್ಟಿನ ಅಂಚು 47ರಲ್ಲಿ, ಅಂದರೆ ಮಂಡಿಗೆ ಎರಡು ಬೆರಳು ಮೇಲೆ ನಿಂತರೆ ನಡುವೆ 24 ಸೆಂಟಿಮೀಟರ್ ಕಾಲು ಕಾಣುತ್ತದೆ. ಇದು ಸುಖವಾದ ಅಳತೆ. 38ರಿಂದ 40ರಲ್ಲಿ ನಿಂತರೂ ಚೆನ್ನ, ಏಕೆಂದರೆ ಮಂಡಿಯ ಕೆಳಗೆ ಕಾಲು ಸ್ವಲ್ಪ ಸಣ್ಣಗಾಗುವ ಜಾಗ ಅದು. 32ರಲ್ಲಿ ನಿಂತರೆ ಅಡ್ಡಗೆರೆ ನೇರ ದಪ್ಪ ಜಾಗದ ಮೇಲೇ ಬೀಳುತ್ತದೆ, ಕಾಲು ಇರುವುದಕ್ಕಿಂತ ದಪ್ಪ ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು 25, 26. ಅಂಚು ಮತ್ತು ಬೂಟಿನ ನಡುವೆ ಎರಡು ಬೆರಳಷ್ಟು ಚರ್ಮ ಮಾತ್ರ ಇಣುಕುತ್ತದೆ, ಸ್ಕರ್ಟು ಒಗೆದಾಗ ಕುಗ್ಗಿತೇನೋ ಎಂಬಂತೆ. ಕಾಲು ಮುಚ್ಚುವ ಟೈಟ್ಸ್ ಇಲ್ಲದಿದ್ದರೆ ಐದು ಸೆಂಟಿಮೀಟರಿಗಿಂತ ಕಡಿಮೆ ಅಂತರವನ್ನು ಯಾವ ಬಣ್ಣ, ಯಾವ ಕಾಲುಚೀಲವೂ ಕಾಪಾಡಲಾರದು.

ಇನ್ನೂ ಕೆಳಗಿಳಿದು 18ಕ್ಕೆ ಬಂದರೆ ಮತ್ತೆ ಸರಿಹೋಗುತ್ತದೆ. ಬಟ್ಟೆ ಬೂಟಿನ ಬಾಯನ್ನು ಐದು ಸೆಂಟಿಮೀಟರ್ ಮುಚ್ಚುತ್ತದೆ, ಕಾಲು ಕಾಣುವುದೇ ಇಲ್ಲ, ಅಡ್ಡಗೆರೆ ಎರಡರ ಬದಲು ಒಂದೇ. ಈ ಐದನ್ನು ಎರಡಕ್ಕೆ ಇಳಿಸಬೇಡಿ. ನಡೆಯುವಾಗ ಅಂಚು ಮೇಲೇಳುತ್ತದೆ, ಪ್ರತಿ ಹೆಜ್ಜೆಗೂ ಬೂಟಿನ ಬಾಯಿ ಕಂಡು ಮರೆಯಾಗುವುದು ನೋಡಲು ಕಿರಿಕಿರಿ. ಕೂತಾಗ ಹೇಗೂ ಅಂಚು ಒಂದು ಅಂಗೈ ಅಗಲ ಮೇಲೆ ಹೋಗುತ್ತದೆ. ಕನ್ನಡಿ ಮುಂದೆ ನಿಂತು ನೋಡಿದ್ದು ಅರ್ಧ ಪರೀಕ್ಷೆ. ಕುರ್ಚಿ ಎಳೆದು ಕೂತು ನೋಡಿದರೆ ಪೂರ್ತಿ.

ಟೈಲರ್ ಹತ್ತಿರ ಹೊಲಿಸುವವರಿಗೆ ಒಂದು ಮಾತು. ಬೂಟು ಹಾಕಿಕೊಂಡೇ ಅಳತೆ ಕೊಡಿ. ಈ ಬೂಟಿನ ಹಿಮ್ಮಡಿ ಸುಮಾರು ಮೂರು ಸೆಂಟಿಮೀಟರ್ ಎತ್ತರ. ಬರಿಗಾಲಲ್ಲಿ ನಿಂತು ಕೊಟ್ಟ ಅಳತೆ ಅಷ್ಟೂ ಮೇಲೇರುತ್ತದೆ, ಐದು ಸೆಂಟಿಮೀಟರ್ ಮುಚ್ಚಬೇಕಿದ್ದ ಮಿಡಿ ಎರಡಕ್ಕೆ ಬಂದು ನಿಲ್ಲುತ್ತದೆ. ಕೆಳಮಡಿಕೆಯಲ್ಲಿ ಎರಡು ಇಂಚು ಬಟ್ಟೆ ಬಿಡಿಸಿಕೊಳ್ಳಿ. ರೆಡಿಮೇಡ್ ಸ್ಕರ್ಟುಗಳಲ್ಲಿ ಮಡಿಕೆ ಅರ್ಧ ಇಂಚಿಗೇ ಮುಗಿದಿರುವುದರಿಂದ ಇಳಿಸಿ ಹೊಲಿಯಲು ಬಟ್ಟೆಯೇ ಸಿಗುವುದಿಲ್ಲ. ಅಂಥದ್ದನ್ನು ಕತ್ತರಿಸಿ ಮಂಡಿಯ ಮೇಲಕ್ಕೆ ತರುವುದೇ ಜಾಣತನ.

ಯಾವುದಕ್ಕೆ ಒಪ್ಪುತ್ತದೆ, ಯಾವುದಕ್ಕೆ ಮುನಿಯುತ್ತದೆ

ಹತ್ತಿ ಅಥವಾ ರೇಯಾನಿನ ಹೂವಿನ ಫ್ರಾಕು, ಸೊಂಟದಲ್ಲಿ ನೆರಿಗೆ, ಮಂಡಿಯ ಆಸುಪಾಸಿನ ಉದ್ದ. ಇದು ಕಣ್ಣುಮುಚ್ಚಿ ಹಾಕಬಹುದಾದ ಜೋಡಿ. ಹೂವು ಸಣ್ಣದಿದ್ದರೆ ಕಪ್ಪು ಬೂಟು, ಅಂಗೈಯಷ್ಟು ದೊಡ್ಡ ಹೂವಿದ್ದರೆ ಹೂವಿನೊಳಗಿನ ಗಾಢ ಬಣ್ಣವೊಂದನ್ನು ಬೂಟಿಗೆ ಆರಿಸಿ. ಕಂಪನಿಯ ಚೆರ್ರಿ ರೆಡ್ ಹೆಸರಿಗೆ ಕೆಂಪು, ಕಣ್ಣಿಗೆ ಹಣ್ಣಾದ ನೇರಳೆ ಹಾಗೂ ಕುಂಕುಮದ ನಡುವಿನದು. ಕಡುನೀಲಿ, ಬೂದಿ, ಪಾಚಿ ಹಸಿರಿನ ಜೊತೆ ಚೆನ್ನಾಗಿ ಹೊಂದುತ್ತದೆ. ಕೇಸರಿ ಮತ್ತು ರಾಣಿ ಬಣ್ಣದ ಜೊತೆ ಜಗಳ.

ನೆರಿಗೆ ಒತ್ತಿದ ಮಿಡಿ ಇನ್ನೊಂದು ಒಳ್ಳೆಯ ಜೋಡಿ. ನೆರಿಗೆಯ ಉದ್ದುದ್ದ ಗೆರೆಗಳು ಬೂಟಿನ ಅಡ್ಡಗೆರೆಯನ್ನು ತಿಂದುಹಾಕುತ್ತವೆ. ಆದರೆ ಬಟ್ಟೆಗೆ ಸ್ವಲ್ಪ ತೂಕ ಇರಬೇಕು. ತೀರಾ ತೆಳು ಜಾರ್ಜೆಟ್ ಆದರೆ ನಡೆಯುವಾಗ ಬೂಟಿನ ಬಾಯಿಗೆ ತಗುಲಿ ಅಲ್ಲೇ ಗುಪ್ಪೆಯಾಗಿ ಕೂರುತ್ತದೆ. ಒಳಗೆ ಹತ್ತಿಯ ಲಂಗ ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ, ಏಕೆಂದರೆ ಪಾಲಿಯೆಸ್ಟರ್ ಬಟ್ಟೆ ಮತ್ತು ನೈಲಾನ್ ಟೈಟ್ಸ್ ಉಜ್ಜಿ ಹುಟ್ಟುವ ವಿದ್ಯುತ್ತೇ ಈ ಅಂಟಾಟಕ್ಕೆ ಮೂಲ. ಒಣಹವೆಯ ಊರಿನಲ್ಲಿ, ಹೀಟರ್ ಉರಿಯುವ ವಿದೇಶದ ಮನೆಗಳಲ್ಲಿ ಇದು ಇನ್ನೂ ಜಾಸ್ತಿ.

ಸ್ಯಾಟಿನ್ನಿನ ಸ್ಲಿಪ್ ಡ್ರೆಸ್ ನೋಡಲು ಸೊಗಸು, ಹಾಕಿಕೊಂಡು ಓಡಾಡಲು ನಾಜೂಕು. ಲೇಸಿನ ಗಂಟು ಸ್ಯಾಟಿನ್ನಿನ ನೂಲನ್ನು ಎಳೆಯುತ್ತದೆ. ಗಂಟು ಹಾಕಿದ ಮೇಲೆ ಅದರ ಕಿವಿಗಳನ್ನು ಬೂಟಿನ ಬಾಯೊಳಗೆ, ನಾಲಿಗೆಯ ಪಕ್ಕಕ್ಕೆ ತುರುಕಿಬಿಡಿ. ಕ್ರೋಶೆ ಅಂಚಿನ ಉಡುಪಿಗೂ ಇದೇ ಉಪಾಯ.

ಪೆನ್ಸಿಲ್ ಸ್ಕರ್ಟು ಯಾಕೆ ಬೇಡ? ಅದು ಕೆಳಗೆ ಕಿರಿದಾಗುತ್ತ ಬಂದು ಕಾಲನ್ನು ಕಡ್ಡಿಯಂತೆ ಮಾಡುತ್ತದೆ, ಅದರ ಕೆಳಗೆ ಅಗಲ ಮೂತಿಯ ಬೂಟು ಬಂದರೆ ಮರದ ಸುತ್ತಿಗೆ ತಲೆಕೆಳಗಾದ ಹಾಗೆ. ಮೇಲಾಗಿ ಈ ಬೂಟಿನಲ್ಲಿ ಹೆಜ್ಜೆ ಸ್ವಲ್ಪ ದೊಡ್ಡದಾಗಿಯೇ ಬೀಳುತ್ತದೆ, ಸ್ಕರ್ಟು ಅದಕ್ಕೆ ಜಾಗ ಕೊಡುವುದಿಲ್ಲ. ಮುಂದೆ ಉದ್ದ ಸೀಳಿರುವ ಡೆನಿಮ್ ಆದರೆ ನಡೆಯುತ್ತದೆ.

ಇತ್ತೀಚೆಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಸ್ಕರ್ಟು, ಫ್ರಾಕುಗಳಿಗೂ ಬೂಟು ಹಾಕುವವರಿದ್ದಾರೆ. ಖಣದ ಬಟ್ಟೆ ಬಿಗಿ, ತಾನೇ ನಿಲ್ಲುತ್ತದೆ. ಆ ಬಿಗಿಗೆ ಈ ಬೂಟಿನ ತೂಕ ಸರಿಸಮ. ತೊಂದರೆ ಇರುವುದು ಅಂಚಿನಲ್ಲಿ. ಇಳಕಲ್ಲಿನ ಅಗಲ ದಡಿಯನ್ನು ಸ್ಕರ್ಟಿನ ಕೆಳತುದಿಗೆ ಕೊಟ್ಟರೆ ಅದೇ ಒಂದು ದಪ್ಪ ಅಡ್ಡಪಟ್ಟಿ. ಅದರ ಕೆಳಗೆ ಸ್ವಲ್ಪವೇ ಕಾಲು, ಮತ್ತೆ ಬೂಟಿನ ಬಾಯಿಯ ಇನ್ನೊಂದು ಪಟ್ಟಿ. ಕಾಲು ಮೂರು ತುಂಡಾಗಿ ಕಾಣುತ್ತದೆ. ದಡಿ ಕೆಳಗೇ ಬೇಕೆಂದರೆ ಸ್ಕರ್ಟನ್ನು ಮಂಡಿಗಿಂತ ಮೇಲೆ ನಿಲ್ಲಿಸಿ, ಇಲ್ಲವೇ ಬೂಟನ್ನು ಪೂರ್ತಿ ಮುಚ್ಚುವಷ್ಟು ಇಳಿಸಿ. ಬೂಟಿನ ಅಟ್ಟೆಯ ಸುತ್ತ ಇರುವ ಹಳದಿ ಹೊಲಿಗೆ ಜರಿಯ ಪಕ್ಕದಲ್ಲಿ ಸುಮ್ಮನೆ ಹೊಂದಿಕೊಳ್ಳುತ್ತದೆ, ಬೆಳ್ಳಿ ಜರಿಯ ಪಕ್ಕದಲ್ಲಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಹಳದಿ ಹೊಲಿಗೆ ಬೇಡವೇ ಬೇಡ ಎನ್ನುವವರಿಗೆ 1460ರಲ್ಲಿ ಹೊಲಿಗೆಯಿಂದ ಅಟ್ಟೆಯವರೆಗೆ ಎಲ್ಲವೂ ಕಪ್ಪಾಗಿರುವ ಮೊನೊ ಇದೆ.

ನಡುವಿನ ಕಾಲು

ಬರಿಗಾಲು ಕಾಣಬೇಕೋ, ಟೈಟ್ಸ್ ಹಾಕಬೇಕೋ? ಕಪ್ಪು ಬೂಟಿಗೆ ಕಪ್ಪು ಟೈಟ್ಸ್ ಹಾಕಿದರೆ ಬೂಟಿನ ಬಾಯಿ ಮಾಯವಾಗುತ್ತದೆ. ಮೇಲೆ ಹೇಳಿದ ಅಳತೆಗಳ ಬಿಗಿ ಆಗ ಬಹಳ ಸಡಿಲ. ನೆಲದಿಂದ 26 ಸೆಂಟಿಮೀಟರಿನಲ್ಲಿ ನಿಲ್ಲುವ ಮಿಡಿ ಕೂಡ ತಕ್ಕಮಟ್ಟಿಗೆ ಪಾರಾಗುತ್ತದೆ. ಗಿಡ್ಡ ಇರುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಟೈಟ್ಸ್ ಪೊಟ್ಟಣದ ಮೇಲಿನ ಡೆನಿಯರ್ ಅಂದರೆ 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. 20ರದ್ದು ಚರ್ಮ ಕಾಣುವಷ್ಟು ತೆಳು, ಇಷ್ಟು ದಪ್ಪ ಬೂಟಿನ ಮೇಲೆ ಅದು ಹರಿದ ಹಾಗೆ ಕಾಣುತ್ತದೆ, ಬೂಟಿನ ಬಾಯಿಗೆ ಉಜ್ಜಿ ನಿಜಕ್ಕೂ ಬೇಗ ಹರಿಯುತ್ತದೆ. 60ರಿಂದ 80 ತೆಗೆದುಕೊಳ್ಳಿ. ಚಳಿದೇಶದಲ್ಲಿರುವವರು 100ಕ್ಕೂ ಹೋಗಬಹುದು. ‘ಸ್ಕಿನ್ ಕಲರ್’ ಎಂದು ಮಾರುವ ಟೈಟ್ಸ್ ಯಾರ ಚರ್ಮದ ಬಣ್ಣವೋ ಆ ದೇವರಿಗೇ ಗೊತ್ತು. ನಮ್ಮ ಮೈಬಣ್ಣದ ಮೇಲೆ ಅದು ಬೂದಿ ಬಳಿದಂತೆ ಕಾಣುವುದೇ ಹೆಚ್ಚು. ಕಾಫಿಪುಡಿ ಬಣ್ಣದ್ದನ್ನು ಹುಡುಕಿ, ಸಿಗದಿದ್ದರೆ ಕಪ್ಪೇ ಇರಲಿ.

ಬರಿಗಾಲಿಗೆ ಕಾಲುಚೀಲ ಯಾವುದು ಎಂಬುದು ಅಲಂಕಾರದ ಪ್ರಶ್ನೆಗಿಂತ ನೋವಿನ ಪ್ರಶ್ನೆ. ಬೂಟಿನ ಬಾಯಿಗಿಂತ ಗಿಡ್ಡ ಕಾಲುಚೀಲ ಹಾಕಿದರೆ ಚರ್ಮದ ಅಂಚು ನೇರ ಮೈಗೆ ಉಜ್ಜುತ್ತದೆ. ಜೀನ್ಸ್ ಹಾಕುವವರಿಗೆ ನಡುವೆ ಒಂದು ಪದರ ಬಟ್ಟೆಯಾದರೂ ಸಿಗುತ್ತದೆ, ಸ್ಕರ್ಟಿನವರಿಗೆ ಅದೂ ಇಲ್ಲ. ಬಾಯಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಮೇಲೆ ಬರುವ ಗೆರೆನೇಯ್ಗೆಯ ಕಾಲುಚೀಲ ಹಾಕಿ, ಬೂಟಿನ ಬಣ್ಣದ್ದೇ ಆದರೆ ಅದು ಬೂಟಿನ ಭಾಗದಂತೆ ಕಾಣುತ್ತದೆ. ಬೇರೆ ಬಣ್ಣ ಬೇಕೆಂದರೆ ಫ್ರಾಕಿನಲ್ಲಿರುವ ಬಣ್ಣವೇ ಇರಲಿ. ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಇಣುಕಿದರೆ ಶಾಲೆಯ ಯೂನಿಫಾರ್ಮ್ ನೆನಪಾಗುತ್ತದೆ, ಬೇಕಂತಲೇ ಆ ನೋಟ ಬೇಕಾದವರಿಗೆ ಅಡ್ಡಿಯಿಲ್ಲ.

ಮೀನಖಂಡ ದಪ್ಪ ಇದ್ದರೆ ಎರಡು ಬದಿಯ ಕಣ್ಣುಸಾಲು ಮೇಲ್ತುದಿಯಲ್ಲಿ ಅಗಲವಾಗಿ ತೆರೆದು ನಾಲಿಗೆ ಕಾಣುತ್ತದೆ, ಅದರಿಂದ ಏನೂ ಕೆಡುವುದಿಲ್ಲ. ಕಾಲು ಸಣ್ಣಗಿದ್ದರೆ ತೊಂದರೆ ಹೆಚ್ಚು: ಎರಡು ಸಾಲು ಕೂಡಿದರೂ ಬೂಟಿನ ಬಾಯಿ ಸಡಿಲ, ಒರಳಿನಲ್ಲಿ ಒನಕೆ ನಿಂತಂತೆ. ದಪ್ಪ ಕಾಲುಚೀಲ ಸ್ವಲ್ಪ ತುಂಬುತ್ತದೆ. ಇಲ್ಲವೇ ಎಂಟನೇ ಕಣ್ಣಿನವರೆಗೆ ಬಿಗಿಯಾಗಿ ಕಟ್ಟಿ, ಅಲ್ಲೊಂದು ಗಂಟು ಹಾಕಿ, ಕೊನೆಯ ಎರಡು ಕಣ್ಣನ್ನು ಖಾಲಿ ಬಿಟ್ಟು ಬಾಯನ್ನು ಹೊರಕ್ಕೆ ಬಾಗಲು ಬಿಡಿ. ಬಾಯಿ ಹೂವಿನಂತೆ ಅರಳಿ ಸಡಿಲ ಬೇಕಂತಲೇ ಮಾಡಿದ್ದು ಎನಿಸುತ್ತದೆ. ಗಿಡ್ಡ ಇರುವವರಿಗೂ ಇದೇ ದಾರಿ, ನೋಟಕ್ಕೆ ಬೂಟು ಎರಡು ಕಣ್ಣಿನಷ್ಟು ತಗ್ಗುತ್ತದೆ.

ಪಳಗಿಸುವ ಹದಿನೈದು ದಿನ

ಸ್ಮೂತ್ ಚರ್ಮದ ಬಗ್ಗೆ ಯಾರೂ ಸುಳ್ಳು ಹೇಳಬಾರದು: ಹೊಸದರಲ್ಲಿ ಅದು ಗಟ್ಟಿ, ಕಾಲಿಗೆ ಮಣಿಯುವುದಿಲ್ಲ. ಮದುವೆಗೋ ಪ್ರವಾಸಕ್ಕೋ ಹಿಂದಿನ ದಿನ ಕೊಂಡು ಮರುದಿನ ಹಾಕಿ ಹೊರಟರೆ ಗುಳ್ಳೆ ಖಚಿತ. ಉಜ್ಜುವ ಜಾಗ ನಾಲ್ಕು: ಹಿಮ್ಮಡಿಯ ಹಿಂದಿನ ಹೊಲಿಗೆ, ಕಿರುಬೆರಳಿನ ಬದಿ, ಮುಂದೆ ನಾಲಿಗೆಯ ಮೇಲ್ತುದಿ, ಮತ್ತು ಮೀನಖಂಡದ ಮೇಲೆ ಬೂಟಿನ ಬಾಯಿ. ಕೊನೆಯದು ಸ್ಕರ್ಟಿನವರ ಪಾಲಿನದು. ಅದರ ಕೆಂಪು ಗೆರೆ ಫ್ರಾಕಿನ ಕೆಳಗೆ ಎಲ್ಲರಿಗೂ ಕಾಣುವ ಜಾಗದಲ್ಲೇ ಮೂಡುತ್ತದೆ.

ಮೊದಲು ಬೂಟನ್ನು ಕೈಯಲ್ಲಿ ಹಿಡಿದು ಹಿಂಭಾಗದ ಗಟ್ಟಿ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಮಡಚಿ, ಬಾಯಿಯ ಸುತ್ತಲೂ ಒಳಗೆ ಹೊರಗೆ ಬಾಗಿಸಿ; ಐದಾರು ನಿಮಿಷ ಸಾಕು. ಕಂಪನಿಯದೇ ವಂಡರ್ ಬಾಲ್ಸಮ್ ಎಂಬ ಮುಲಾಮು ಇದೆ, ಕೊಬ್ಬರಿ ಎಣ್ಣೆ, ಕುರಿಯ ಉಣ್ಣೆಯಿಂದ ಬರುವ ಲ್ಯಾನೋಲಿನ್ ಮತ್ತು ಜೇನುಮೇಣ ಸೇರಿದ್ದು. ಹುಣಸೆಬೀಜದಷ್ಟು ತೆಗೆದು ಆ ನಾಲ್ಕು ಜಾಗಕ್ಕೆ ಸವರಿ, ಇಪ್ಪತ್ತು ನಿಮಿಷ ಬಿಟ್ಟು ಒರೆಸಿ. ಕೊಬ್ಬರಿ ಎಣ್ಣೆ ಮನೆಯಲ್ಲೇ ಇದೆಯಲ್ಲ, ಅದನ್ನೇ ಹಚ್ಚೋಣ ಎನಿಸುವುದು ಸಹಜ. ಬೇಡ. ಬರೀ ಎಣ್ಣೆ ಒಂದು ಕಡೆ ಹೀರಿ ಇನ್ನೊಂದು ಕಡೆ ನಿಂತು ಕಲೆಕಲೆಯಾಗುತ್ತದೆ, ಅದರ ಮೇಲೆ ಧೂಳು ಕೂರುತ್ತದೆ.

ಮೊದಲ ವಾರ ಮನೆಯೊಳಗೆ ದಿನಕ್ಕೆ 45 ನಿಮಿಷ, ದಪ್ಪ ಕಾಲುಚೀಲದಲ್ಲಿ, ಮೇಲಿನ ಎರಡು ಕಣ್ಣು ಕಟ್ಟದೆ. ಎರಡನೇ ವಾರ ಹೊರಗೆ ಒಂದು ಗಂಟೆ, ಆಮೇಲೆ ಎರಡು. ಹಿಮ್ಮಡಿಗೆ ಬ್ಯಾಂಡ್‌ಏಡ್ ಹಾಕುವುದು ನೋವಾದ ಮೇಲಲ್ಲ, ಹಾಕಿಕೊಳ್ಳುವ ಮೊದಲೇ. ಹಿಮ್ಮಡಿ ಉಜ್ಜುವುದಕ್ಕೆ ಬಹಳ ಸಲ ಕಾರಣ ಲೇಸು ಸಡಿಲವಾಗಿರುವುದು. ನೋವೆಂದು ಪೂರ್ತಿ ಸಡಿಲಿಸಿದರೆ ಪಾದ ಒಳಗೆ ಮೇಲೆ ಕೆಳಗೆ ಜಾರಿ ಇನ್ನಷ್ಟು ಉಜ್ಜುತ್ತದೆ. ಬೆರಳಿನ ಕಡೆ ಸಡಿಲ, ಗಿಣ್ಣು ಮಡಚುವ ಜಾಗದಲ್ಲಿ ಬಿಗಿ, ಮೇಲೆ ಮತ್ತೆ ಸಡಿಲ ಎಂದು ಮೂರು ಹದದಲ್ಲಿ ಕಟ್ಟಬೇಕು. ಹೇರ್ ಡ್ರೈಯರ್ ಹಿಡಿದು ಮೆತ್ತಗೆ ಮಾಡುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಬಿಸಿ ಹೆಚ್ಚಾದರೆ ಚರ್ಮದ ಮೇಲಿನ ಹೊಳಪಿನ ಪದರ ಬಿರಿಯುತ್ತದೆ, ಆ ಬಿರುಕು ಮತ್ತೆ ಮುಚ್ಚುವುದಿಲ್ಲ. ಇಷ್ಟೆಲ್ಲ ತಾಳ್ಮೆ ಇಲ್ಲದವರು 1460ರಲ್ಲಿ ಸಿಗುವ ನಪ್ಪಾ ಚರ್ಮದ ಬೂಟನ್ನು ನೋಡಬಹುದು. ಅದು ಮೊದಲ ದಿನದಿಂದಲೇ ಮೆತ್ತಗೆ, ಆದರೆ ಬಿಗಿ ನಿಲುವು ಬೇಡುವ ಖಣದಂಥ ಬಟ್ಟೆಯ ಕೆಳಗೆ ಸ್ವಲ್ಪ ಸೋತಂತೆ ಕಾಣುತ್ತದೆ.

ಸೈಜಿನ ವಿಷಯದಲ್ಲಿ ಗಮನವಿರಲಿ. ಅರ್ಧ ಸೈಜು ಇಲ್ಲ. ಐದೂವರೆಯವರು ಐದನ್ನು ತೆಗೆದುಕೊಳ್ಳಿ ಎಂದೇ ಕಂಪನಿ ಹೇಳುತ್ತದೆ. ಚರ್ಮ ಹಿಗ್ಗುತ್ತದೆ, ಹಾಗಾಗಿ ಅದು ಸರಿಯೇ. ಆದರೆ ಹಿಗ್ಗುವುದು ಅಗಲಕ್ಕೆ, ಉದ್ದಕ್ಕಲ್ಲ. ಹೆಬ್ಬೆರಳು ಮುಂದೆ ತಾಗುತ್ತಿದ್ದರೆ ಎಷ್ಟು ದಿನ ಪಳಗಿಸಿದರೂ ತಾಗುತ್ತಲೇ ಇರುತ್ತದೆ. ನಮ್ಮಲ್ಲಿ ಚಪ್ಪಲಿ ಹಾಕಿ ಹಾಕಿ ಬೆರಳುಗಳು ಅಗಲವಾಗಿ ಹರಡಿದ ಪಾದವೇ ಹೆಚ್ಚು, ಅಂಥವರು ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಬೇಕು. ಭಾರತದ ಸೈಜು ಬ್ರಿಟನ್ನಿನ ಸೈಜಿನ ಸಂಖ್ಯೆಯೇ. ಅಮೆರಿಕದಲ್ಲಿರುವವರು ಹೆಂಗಸರ ಸೈಜಿನಿಂದ ಎರಡು ಕಳೆಯಬೇಕು.

ಹೊಸಿಲಿನ ಸಮಸ್ಯೆ

ಪರದೇಶದ ವಿಮರ್ಶೆಗಳಲ್ಲಿ ಕಾಣದ ಒಂದು ದೂರು ನಮ್ಮದು. ಈ ಬೂಟಿಗೆ ಜಿಪ್ ಇಲ್ಲ. ಹತ್ತು ಕಣ್ಣು, ಎರಡು ಕಾಲು; ಹಾಕಿಕೊಳ್ಳಲು ಮೂರು ನಿಮಿಷ, ಬಿಚ್ಚಲು ಒಂದೂವರೆ. ಒಂದೇ ಸಂಜೆ ಅತ್ತೆ ಮನೆ, ಗೆಳತಿಯ ಮನೆ, ದೇವಸ್ಥಾನ ಎಂದು ಮೂರು ಹೊಸಿಲು ದಾಟಬೇಕಾದವರು ಮೂರು ಸಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು, ಅದೂ ಮಂಡಿಗಿಂತ ಮೇಲಿನ ಸ್ಕರ್ಟಿನಲ್ಲಿ. ‘ಏನಮ್ಮಾ, ಇನ್ನೂ ಬಿಚ್ಚೋದು ಮುಗೀಲಿಲ್ವಾ’ ಎಂದು ಒಳಗಿಂದ ದನಿ ಬರುವಷ್ಟು ಹೊತ್ತು. ಇದಕ್ಕೆ ಎಲಾಸ್ಟಿಕ್ ಲೇಸು ಹಾಕಿ ಕೆಳಗಿನ ಏಳು ಕಣ್ಣನ್ನು ಶಾಶ್ವತವಾಗಿ ಕಟ್ಟಿಟ್ಟು ಮೇಲಿನ ಮೂರನ್ನಷ್ಟೇ ಬಿಚ್ಚಿ ಕಟ್ಟಬಹುದು. ಹೀಗೆ ಓಡಾಟ ಹೆಚ್ಚಿರುವವರಿಗೆ ಅದೇ ಕಂಪನಿಯ 2976 ಚೆಲ್ಸಿ ಮೇಲು, ಲೇಸೇ ಇಲ್ಲ, ಬದಿಯಲ್ಲಿ ಎಲಾಸ್ಟಿಕ್. ಎತ್ತರ ಮಾತ್ರ ಗಿಣ್ಣಿನವರೆಗೆ. ದಪ್ಪ ಅಟ್ಟೆಯ ಜೇಡನ್‌ಗೆ ಬದಿಯಲ್ಲಿ ಜಿಪ್ ಇದೆ, ಆದರೆ ಅದರ ಭಾರಕ್ಕೆ ತೆಳು ಫ್ರಾಕು ಸೋಲುತ್ತದೆ, ದಪ್ಪ ಉಣ್ಣೆಯ ಮಿನಿ ಸ್ಕರ್ಟೇ ಬೇಕು. ಒಳಗೆ ಹಾಕಿದ ಕಾಲುಚೀಲ ತೂತಿಲ್ಲದ್ದೇ ಎಂದು ಮನೆಯಿಂದ ಹೊರಡುವಾಗಲೇ ನೋಡಿಕೊಳ್ಳಿ.

ಹವೆಯ ಮಾತು. ಬೆಂಗಳೂರು, ಮೈಸೂರು, ಮಡಿಕೇರಿಯ ನವೆಂಬರ್‌ನಿಂದ ಫೆಬ್ರವರಿಯ ಸಂಜೆಗಳಿಗೆ ಸರಿ. ಕಲಬುರಗಿಯ ಮೇ ತಿಂಗಳಲ್ಲಿ ಇದರ ಹೆಸರೆತ್ತಬೇಡಿ. ಮಳೆಯಲ್ಲಿ ಚರ್ಮ ಸ್ವಲ್ಪ ಹೊತ್ತು ತಡೆಯುತ್ತದೆ, ಆದರೆ ಇದು ಗಮ್‌ಬೂಟಲ್ಲ. ಲೇಸಿನ ಕಣ್ಣಿನಿಂದ ನೀರು ಒಳಗಿಳಿಯುತ್ತದೆ. ಒದ್ದೆಯಾದರೆ ಹಳೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ, ಪೇಪರನ್ನು ರಾತ್ರಿ ಒಮ್ಮೆ ಬದಲಿಸಿ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿದ ಬೀರುವಿನಲ್ಲಿಟ್ಟರೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಂತೂ ಬೂಷ್ಟಿಗೆ ಆಮಂತ್ರಣ. ಹಳೆಯ ಹತ್ತಿ ದಿಂಬುಚೀಲದಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡುವ ಕಡೆ ನಿಲ್ಲಿಸಿ. ಮಲಗಿಸಿದರೆ ಬಾಯಿ ಮಡಚಿ ಗೆರೆ ಬೀಳುತ್ತದೆ. ಒಂದು ಸಮಾಧಾನ: ಇದರ ಅಟ್ಟೆ ಪಿವಿಸಿ. ಅಗ್ಗದ ಬೂಟುಗಳ ಪಾಲಿಯುರೆಥೇನ್ ಅಟ್ಟೆ ತೇವದ ಊರಿನಲ್ಲಿ ನಾಲ್ಕೈದು ವರ್ಷ ಸುಮ್ಮನೆ ಇಟ್ಟರೂ ರಸ್ಕಿನಂತೆ ಪುಡಿಯಾಗಬಲ್ಲದು, ಪಿವಿಸಿಗೆ ಆ ರೋಗವಿಲ್ಲ. ಆದರೆ ಅಟ್ಟೆಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸಿರುವುದರಿಂದ ಸವೆದಾಗ ಬೀದಿಬದಿಯ ರಿಪೇರಿಯವರು ಹೊಸದನ್ನು ಹಾಕಿಕೊಡುವುದು ಕಷ್ಟ. ಹಿಮದ ದೇಶಗಳಲ್ಲಿ ರಸ್ತೆಗೆ ಎರಚುವ ಉಪ್ಪು ಚರ್ಮದ ಮೇಲೆ ಬಿಳಿ ಗೆರೆ ಬಿಡುತ್ತದೆ. ನೀರು ಮತ್ತು ಬಿಳಿ ವಿನೆಗರ್ ಸಮಸಮ ಬೆರೆಸಿ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮುಲಾಮು ಹಚ್ಚಿ.

ಭಾರತದಲ್ಲಿ ಬೆಲೆ ಐದಂಕಿ. ವರ್ಷಕ್ಕೆ ನಾಲ್ಕು ಸಲ ಹಾಕುವವರಿಗೆ ದುಬಾರಿ, ವಾರಕ್ಕೆ ಎರಡು ಸಲ ಹಾಕುವವರಿಗೆ ಐದಾರು ವರ್ಷದ ಮಾತು. ಅಂಗಡಿಗೆ ಹೋಗುವಾಗ ಹೆಚ್ಚು ಹಾಕುವ ಎರಡು ಸ್ಕರ್ಟನ್ನು ಚೀಲದಲ್ಲಿ ಒಯ್ಯಿರಿ, ಜೀನ್ಸ್ ಮೇಲೆ ನೋಡಿ ತೀರ್ಮಾನಿಸಬೇಡಿ. ಲೇಸು ಸವೆದು ಬದಲಿಸಬೇಕಾದಾಗ 140 ಸೆಂಟಿಮೀಟರಿನದನ್ನು ಕೇಳಿ. 210ರದ್ದು ಹದಿನಾಲ್ಕು ಕಣ್ಣಿನ ಬೂಟಿನದು, ಇದಕ್ಕೆ ಹಾಕಿದರೆ ಗಂಟಿನ ಕಿವಿಗಳು ಗಿಣ್ಣಿನವರೆಗೆ ಜೋತಾಡಿ ಮೆಟ್ಟಿಲಿಳಿಯುವಾಗ ಇನ್ನೊಂದು ಬೂಟಿನಡಿ ಸಿಕ್ಕುತ್ತವೆ.